1960ರ ದಶಕದ ಅಮೆರಿಕ: ಎರಡು ಪೀರಿಯಡ್‌ನಲ್ಲಿ ಹೇಗೆ ಪಾಠ ಮಾಡೋದು?

ಮಡಿಕೇರಿ ಮೇಷ್ಟ್ರು:
ಪದವಿ ಮಕ್ಕಳಿಗೆ ಮುಂದಿನ ವಾರ ಈ ಪಾಠ. ಪಠ್ಯದಲ್ಲಿ ಕೆನಡಿ ಹತ್ಯೆ, ಮಾರ್ಟಿನ್ ಲೂಥರ್ ಕಿಂಗ್, ವಿಯೆಟ್ನಾಂ ಎಲ್ಲ ಬಿಡಿಬಿಡಿಯಾಗಿವೆ. ತಲೆಮಾರುಗಳಿಂದ ಡೆಮಾಕ್ರಟಿಕ್ ಪಕ್ಷದ ಜೊತೆಗಿದ್ದ ದಕ್ಷಿಣದ ರಾಜ್ಯಗಳು ಕೈಬಿಟ್ಟದ್ದು ಹೇಗೆ ಅನ್ನೋದನ್ನು ಎಲ್ಲಿಂದ ಹಿಡಿದು ಹೇಳಲಿ?

ಗೋಣಿಕೊಪ್ಪ ಓದುಗ:
ಸರ್, ಅಮೆರಿಕ ಸಂಸತ್ತಿನ ಮೇಲ್ಮನೆ ಸೆನೆಟ್‌ನಿಂದ ಹಿಡಿಯಿರಿ. ಕಪ್ಪು ಜನರ ವಿರುದ್ಧದ ಭೇದಭಾವ ನಿಷೇಧಿಸುವ 1964ರ ನಾಗರಿಕ ಹಕ್ಕು ಮಸೂದೆಯನ್ನು ದಕ್ಷಿಣದ ಡೆಮಾಕ್ರಟರು ಚರ್ಚೆ ಎಳೆದೆಳೆದೇ ತಡೆದಿಟ್ಟಿದ್ದರು. ಚರ್ಚೆಗೆ ತೆರೆ ಎಳೆಯಲು ಆಗ ಮೂರನೇ ಎರಡರಷ್ಟು, ಅಂದರೆ 67 ಮತ ಬೇಕಿತ್ತು. ಜೂನ್ 10ರಂದು ಬಿದ್ದದ್ದು 71: ಡೆಮಾಕ್ರಟರದು 44, ರಿಪಬ್ಲಿಕನ್ನರದು 27. ಇದನ್ನು ಬೋರ್ಡ್ ಮೇಲೆ ಬರೆಯಿರಿ; ಒಡಕು ಇದ್ದದ್ದು ಪಕ್ಷಗಳ ನಡುವೆ ಅಲ್ಲ, ಉತ್ತರ-ದಕ್ಷಿಣದ ನಡುವೆ ಅಂತ ಮಕ್ಕಳಿಗೇ ಹೊಳೆಯುತ್ತೆ. ಮಸೂದೆಯ ವಿರುದ್ಧ ಮತ ಹಾಕಿದ ಗೋಲ್ಡ್‌ವಾಟರ್ ಆ ವರ್ಷದ ಅಧ್ಯಕ್ಷೀಯ ಚುನಾವಣೆಯಲ್ಲಿ ರಿಪಬ್ಲಿಕನ್ ಅಭ್ಯರ್ಥಿ. ಗೆದ್ದದ್ದು ಆರೇ ರಾಜ್ಯ. ತವರು ಅರಿಜೋನಾ ಬಿಟ್ಟರೆ ಉಳಿದ ಐದೂ ದಕ್ಷಿಣದವು. ಮಿಸಿಸಿಪ್ಪಿಯಲ್ಲಂತೂ ಶೇ. 87 ಮತ!

ಮಳೆಗಾಲದಲ್ಲಿ ಕರೆಂಟ್ ನಂಬಿ ಪ್ರೊಜೆಕ್ಟರ್ ಇಟ್ಟುಕೊಳ್ಳಬೇಡಿ, ನಕ್ಷೆಯ ಜೆರಾಕ್ಸ್ ಹಂಚಿ.

ಸೋಮವಾರಪೇಟೆಯಿಂದ:
1965ರ ಮತದಾನ ಹಕ್ಕು ಕಾಯ್ದೆಗೆ ಹೆಚ್ಚು ಸಮಯ ಕೊಡಿ. ದಶಕದ ಅತಿ ದೊಡ್ಡ ಬದಲಾವಣೆ ಅದೇ. ಅದಕ್ಕೆ ಮುಂಚೆ ಮಿಸಿಸಿಪ್ಪಿಯಲ್ಲಿ ಕಪ್ಪು ಜನ ಹೆಸರು ನೋಂದಾಯಿಸಲು ಹೋದರೆ, ನೋಂದಣಿ ಅಧಿಕಾರಿ ರಾಜ್ಯ ಸಂವಿಧಾನದ ಯಾವುದೋ ಒಂದು ವಿಧಿ ಆರಿಸಿ ಕೊಡುತ್ತಿದ್ದ. ಅದನ್ನು ನಕಲು ಮಾಡಿ, ಅರ್ಥ ವಿವರಿಸಿ ಬರೆಯಬೇಕು. ಸರಿಯೋ ತಪ್ಪೋ ಅಂತ ಹೇಳುವವನೂ ಅವನೇ. ಮೇಲಾಗಿ ಅರ್ಜಿ ಹಾಕಿದವರ ಹೆಸರು ಎರಡು ವಾರ ಊರಿನ ಪತ್ರಿಕೆಯಲ್ಲಿ ಅಚ್ಚಾಗುತ್ತಿತ್ತು. ಅದನ್ನು ನೋಡಿ ಧಣಿ ಕೆಲಸದಿಂದ ತೆಗೆಯಬಹುದು. ಕಾಯ್ದೆ ಈ ಪರೀಕ್ಷೆಯನ್ನು ನಿಲ್ಲಿಸಿತು, ನೋಂದಣಿಗೆ ಕೇಂದ್ರದಿಂದಲೇ ಅಧಿಕಾರಿಗಳನ್ನು ಕಳಿಸಿತು. ಅಲ್ಲಿ ಶೇ. 7ರ ಆಸುಪಾಸಿನಲ್ಲಿದ್ದ ಕಪ್ಪು ಜನರ ನೋಂದಣಿ 1967ರ ಹೊತ್ತಿಗೆ ಶೇ. 60ರ ಹತ್ತಿರ ಬಂತು.

ಒಂದು ಎಚ್ಚರಿಕೆ: ದಕ್ಷಿಣ ರಾತ್ರೋರಾತ್ರಿ ಪಕ್ಷ ಬದಲಿಸಿತು ಅನ್ನಬೇಡಿ. 1968ರಲ್ಲಿ ಅಲ್ಲಿನ ಐದು ರಾಜ್ಯ ಹೋದದ್ದು ಮೂರನೆಯ ಅಭ್ಯರ್ಥಿ ವಾಲೆಸ್ ಪಾಲಿಗೆ. 1976ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ಕಾರ್ಟರ್ ಬಹುಪಾಲು ವಾಪಸ್ ಗೆದ್ದರು. ಸಂಸತ್ತಿನ ಕೆಳಮನೆ ಹೌಸ್‌ನ ದಕ್ಷಿಣದ ಸೀಟುಗಳಲ್ಲಿ ರಿಪಬ್ಲಿಕನ್ನರಿಗೆ ಬಹುಮತ ಬಂದದ್ದು 1994ಕ್ಕೆ.

ಮಡಿಕೇರಿ ಮೇಷ್ಟ್ರು:
ತುಂಬಾ ಉಪಕಾರ ಆಯ್ತು. ಇದರಲ್ಲಿ ವಿಯೆಟ್ನಾಂ ಎಲ್ಲಿ ಸೇರಿಸಲಿ?

ನಾಪೋಕ್ಲು:
ಕಡ್ಡಾಯ ಸೇನಾ ಭರ್ತಿಯ ಮೂಲಕ ತನ್ನಿ ಸರ್. ಕೊಡಗಿನ ಮಕ್ಕಳಿಗೆ ಸೇನೆ ಅಂದರೆ ಇಷ್ಟಪಟ್ಟು ಸೇರುವುದು, ಹಾಗಾಗಿ ಮೊದಲು ಇದನ್ನು ಬಿಡಿಸಿ ಹೇಳಬೇಕು. ಅಲ್ಲಿ ಆಗ 18 ತುಂಬಿದ ಹುಡುಗ ಹೆಸರು ಕೊಡಲೇಬೇಕಿತ್ತು, ವೋಟು ಮಾತ್ರ ಹೆಚ್ಚಿನ ರಾಜ್ಯಗಳಲ್ಲಿ 21ಕ್ಕೆ. ಕಾಲೇಜಿನಲ್ಲಿದ್ದವರಿಗೆ ಮುಂದೂಡಿಕೆ ಸಿಗುತ್ತಿತ್ತು, ಹೊರೆ ಬಡವರ ಮನೆಯ ಹುಡುಗರ ಮೇಲೆ ಬಿತ್ತು. ಈ ಸಿಟ್ಟಿಂದಲೇ 1971ರ 26ನೇ ತಿದ್ದುಪಡಿ ಬಂತು, ಮತದ ವಯಸ್ಸು 18 ಆಯ್ತು.

ಸೇನೆಗೆ ಯಾರನ್ನು ಮೊದಲು ಕರೆಯಬೇಕು ಅಂತ ತೀರ್ಮಾನಿಸಲು 1969ರ ಡಿಸೆಂಬರ್ 1ರಂದು ಎತ್ತಿದ ಲಾಟರಿಯನ್ನೇ ತರಗತಿಯಲ್ಲಿ ಮಾಡಿಸಿ. ಅಲ್ಲಿ 366 ಕ್ಯಾಪ್ಸೂಲ್, ಒಂದೊಂದರಲ್ಲೂ ಒಂದು ಹುಟ್ಟಿದ ದಿನ. ಮೊದಲು ಬಂದದ್ದು ಸೆಪ್ಟೆಂಬರ್ 14. ನೀವು ಚೀಟಿಗಳನ್ನು ಡಬ್ಬಿಯಲ್ಲಿ ಚೆನ್ನಾಗಿ ಕಲಸಿ. ಅಲ್ಲಿ ತಿಂಗಳ ಸರದಿಯಲ್ಲಿ ಸುರಿದು ಸರಿಯಾಗಿ ಕಲಸದ ಕಾರಣ, ವರ್ಷದ ಕೊನೆಯ ತಿಂಗಳುಗಳಲ್ಲಿ ಹುಟ್ಟಿದವರಿಗೇ ಹೆಚ್ಚಾಗಿ ಮುಂಚಿನ ಸಂಖ್ಯೆ ಬಿತ್ತು.