10ಡಬ್ಲ್ಯು-30 ಆಯಿಲೇ ಹಾಕಿಸಿದ್ದು, ಆದ್ರೂ ಕ್ಲಚ್ ಜಾರ್ತಿದೆ. ವಾರಂಟಿ ಉಳಿಯುತ್ತಾ?

ಘಾಟಿ ಸವಾರ:
ಬೈಕ್ 160 ಸಿಸಿ, ಏರ್ ಕೂಲ್ಡ್, 5 ಗೇರ್. ತಗೊಂಡು 9 ತಿಂಗಳು, ಮೀಟರ್ 6,400 ಕಿ.ಮೀ. ಎರಡು ಫ್ರೀ ಸರ್ವಿಸ್ ಶೋರೂಂನಲ್ಲೇ ಆಗಿದೆ, ಮೂರನೇದು ಬಾಕಿ. ಆಯಿಲ್ ಕಪ್ಪಾಗಿತ್ತು ಅಂತ ಹೋದ ವಾರ ಹೊರಗಿನ ಗ್ಯಾರೇಜ್‌ನಲ್ಲಿ ಬದಲಾಯಿಸಿದ್ದು. ಮ್ಯಾನ್ಯುಯಲ್‌ನಲ್ಲಿರೋದು 10ಡಬ್ಲ್ಯು-30, ಎಪಿಐ ಎಸ್‌ಎಲ್ (ಆಯಿಲ್ ಗುಣಮಟ್ಟದ ದರ್ಜೆ), ಜಾಸೊ ಎಂಎ (ಬೈಕ್ ಆಯಿಲ್‌ಗೆ ಜಪಾನಿನ ದರ್ಜೆ). ಹಾಕಿದ್ದೂ 10ಡಬ್ಲ್ಯು-30. 300 ಕಿ.ಮೀ. ಆದಮೇಲೆ ಗುಂಡ್ಯದಿಂದ ಶಿರಾಡಿ ಹತ್ತುವಾಗ 4ನೇ ಗೇರ್‌ನಲ್ಲಿ ಆರ್‌ಪಿಎಂ ಏರುತ್ತೆ, ಸ್ಪೀಡ್ ಏರಲ್ಲ. 20ಡಬ್ಲ್ಯು-50 ಹಾಕಿದ್ರೆ ಸರಿಹೋಗುತ್ತೆ ಅಂತಾರೆ ಗ್ಯಾರೇಜ್‌ನವರು. ಹಾಕಿಸಬಹುದಾ? ವಾರಂಟಿ ಹೋಯ್ತಾ?

ಸ್ಪ್ಯಾನರ್ 17:
20ಡಬ್ಲ್ಯು-50 ಹಾಕಿಸಬೇಡಿ. ಮೊದಲು ಎರಡು ವಿಷಯ ನೋಡಿ ಹೇಳಿ.

ಒಂದು, ಕ್ಲಚ್ ಲಿವರ್ ತುದಿಯಲ್ಲಿ ಫ್ರೀ ಪ್ಲೇ (ಕೇಬಲ್ ಬಿಗಿಯಾಗೋ ಮುಂಚೆ ಲಿವರ್ ಸಡಿಲವಾಗಿ ಆಡೋ ದೂರ) ಎಷ್ಟಿದೆ? ಈ ವರ್ಗದ ಬೈಕ್‌ಗಳಲ್ಲಿ ಸಾಮಾನ್ಯವಾಗಿ 10ರಿಂದ 20 ಮಿ.ಮೀ. ಇರಬೇಕು. ಕೇಬಲ್ ಬಿಗಿಯಾಗಿ ಫ್ರೀ ಪ್ಲೇ ಸೊನ್ನೆ ಆಗಿದ್ರೆ ಪ್ಲೇಟ್‌ಗಳು ಪೂರ್ತಿ ಒತ್ತಿಕೊಳ್ಳಲ್ಲ, ಎಂಥ ಆಯಿಲ್ ಇದ್ರೂ ಜಾರುತ್ತೆ. ಇಂಜಿನ್ ಬಿಸಿ ಇರುವಾಗಲೂ ಒಮ್ಮೆ ನೋಡಿ.

ಎರಡು, ಹಾಕಿದ ಆಯಿಲ್ ಡಬ್ಬ ಸಿಕ್ಕಿದ್ರೆ ಹಿಂಬದಿ ಲೇಬಲ್ ಓದಿ. ಜಾಸೊ ಗುರುತು ಒಂದು ಚಿಕ್ಕ ಚೌಕದೊಳಗಿರುತ್ತೆ. ಮೇಲೆ ಎಂ ಅಕ್ಷರದಿಂದ ಶುರುವಾಗೋ ಉದ್ದನೆಯ ಕೋಡ್, ಕೆಳಗೆ ಎಂಎ, ಎಂಎ1, ಎಂಎ2 ಅಥವಾ ಎಂಬಿ. ನನ್ನ ಅನುಮಾನ ಎಲ್ಲಾ ಅದರ ಮೇಲೇ.

ಘಾಟಿ ಸವಾರ:
ಫ್ರೀ ಪ್ಲೇ 15 ಮಿ.ಮೀ. ಸುಮಾರು ಇದೆ. ಡಬ್ಬ ಗ್ಯಾರೇಜ್‌ನಲ್ಲೇ ಇತ್ತು. ಮುಂದೆ ದೊಡ್ಡದಾಗಿ 10ಡಬ್ಲ್ಯು-30, ಹಿಂದೆ ಚೌಕದಲ್ಲಿ ಎಂಬಿ.

ಸ್ಪ್ಯಾನರ್ 17:
ಸಿಕ್ತಲ್ಲ. ಅದು ಗೇರ್‌ಲೆಸ್ ಸ್ಕೂಟರ್ ಆಯಿಲ್. ಸ್ಕೂಟರ್‌ನ ಕ್ಲಚ್ ಬೆಲ್ಟ್ ಕಡೆ, ಒಣ ಜಾಗದಲ್ಲಿರುತ್ತೆ, ಇಂಜಿನ್ ಆಯಿಲ್ ಮುಟ್ಟಲ್ಲ. ಹಾಗಾಗಿ ಎಂಬಿ ಆಯಿಲ್‌ನಲ್ಲಿ ಘರ್ಷಣೆ ಕಡಿಮೆ ಇದ್ದಷ್ಟೂ ಒಳ್ಳೇದು, ಮೈಲೇಜ್ ಸಿಗುತ್ತೆ. ನಿಮ್ಮ ಬೈಕ್‌ನಲ್ಲಿ ಕ್ಲಚ್ ಪ್ಲೇಟ್, ಗೇರ್, ಪಿಸ್ಟನ್ ಎಲ್ಲಕ್ಕೂ ಒಂದೇ ಆಯಿಲ್. ಪ್ಲೇಟ್‌ಗಳು ಹಿಡಿಯೋಕೆ ಘರ್ಷಣೆ ಬೇಕೇ ಬೇಕು. ಅದಕ್ಕೇ ಎಂಎ. ಅದರೊಳಗೆ ಹಿಡಿತ ಹೆಚ್ಚಿರೋದು ಎಂಎ2, ಕಡಿಮೆ ಇರೋದು ಎಂಎ1. ಮ್ಯಾನ್ಯುಯಲ್‌ನಲ್ಲಿ ಎಂಎ ಅಂತ ಮಾತ್ರ ಇದ್ರೆ ಎಂಎ2 ಧಾರಾಳವಾಗಿ ಹಾಕಬಹುದು.

10ಡಬ್ಲ್ಯು-30 ಅನ್ನೋದು ಬರೀ ದಪ್ಪದ ಲೆಕ್ಕ. ಚಳಿಯಲ್ಲಿ ಎಷ್ಟು ಸಲೀಸಾಗಿ ಹರಿಯುತ್ತೆ ಅಂತ ಮೊದಲ ಅಂಕಿ, 100 ಡಿಗ್ರಿಯಲ್ಲಿ ಎಷ್ಟು ದಪ್ಪ ಉಳಿಯುತ್ತೆ ಅಂತ ಎರಡನೇದು. ಕ್ಲಚ್ ಹಿಡಿಯುತ್ತಾ ಇಲ್ವಾ ಅನ್ನೋದನ್ನ ಅದು ಹೇಳೋದೇ ಇಲ್ಲ. 20ಡಬ್ಲ್ಯು-50 ಬೇಡ ಅಂದಿದ್ದೂ ಇದಕ್ಕೇ: ರೋಗ ಇರೋದು ದಪ್ಪದಲ್ಲಲ್ಲ. 30 ಗ್ರೇಡ್ ಆಯಿಲ್ 100 ಡಿಗ್ರಿಯಲ್ಲಿ 9.3ರಿಂದ 12.5 ಸೆಂಟಿಸ್ಟೋಕ್ (ದಪ್ಪದ ಅಳತೆ), 50 ಗ್ರೇಡ್ 16.3ರಿಂದ 21.9. ಅಷ್ಟು ದಪ್ಪ ಆದ್ರೆ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಮೇಲಿನ ಕ್ಯಾಮ್‌ಗೆ ಆಯಿಲ್ ತಲುಪೋದು ತಡ, ಮೈಲೇಜ್ ಇಳಿಯುತ್ತೆ. ಸದ್ದು ಕಡಿಮೆಯಾದ ಹಾಗೆ ಕೇಳಿಸುತ್ತೆ, ಅದೂ ಅಪಾಯವೇ, ಟ್ಯಾಪೆಟ್ (ವಾಲ್ವ್ ಹತ್ತಿರದ ಅಂತರ) ಸಡಿಲ ಆಗಿದ್ರೆ ಗೊತ್ತಾಗಲ್ಲ. ಮೇಲಾಗಿ ಮ್ಯಾನ್ಯುಯಲ್‌ನಲ್ಲಿಲ್ಲದ ಗ್ರೇಡ್ ಅಂತ ವಾರಂಟಿಗೆ ಹೊಸ ತಕರಾರು.

ಇನ್ನು ಕಪ್ಪಾಗಿದ್ದಕ್ಕೆ ಬದಲಾಯಿಸೋ ಅಗತ್ಯ ಇರಲಿಲ್ಲ. ಆಯಿಲ್‌ನಲ್ಲಿರೋ ಡಿಟರ್ಜೆಂಟ್ ಇಂಜಿನ್ನಿನ ಮಸಿ ಹಿಡಿದುಕೊಂಡಾಗ ಕಪ್ಪಾಗುತ್ತೆ, ಅದು ಅದರ ಕೆಲಸ. ಕಿಲೋಮೀಟರ್ ಮತ್ತು ತಿಂಗಳ ಲೆಕ್ಕ ಮಾತ್ರ ನೋಡಿ.

ಈಗ ಮಾಡಬೇಕಾದ್ದು: ಘಾಟಿ, ಡಬಲ್ ರೈಡ್ ನಿಲ್ಲಿಸಿ. ಜಾರಿದಷ್ಟೂ ಪ್ಲೇಟ್ ಸುಟ್ಟು ನುಣ್ಣಗಾಗುತ್ತೆ, ಆಮೇಲೆ ಸರಿಯಾದ ಆಯಿಲ್ ಹಾಕಿದ್ರೂ ಹಿಡಿಯಲ್ಲ. ಆದಷ್ಟು ಬೇಗ 10ಡಬ್ಲ್ಯು-30, ಎಪಿಐ ಎಸ್‌ಎಲ್ ಅಥವಾ ಅದಕ್ಕಿಂತ ಮೇಲಿನದು (ಎಸ್‌ಎಂ, ಎಸ್‌ಎನ್), ಜಾಸೊ ಎಂಎ2 ಹಾಕಿಸಿ. ಇಂಜಿನ್ 3–4 ನಿಮಿಷ ಓಡಿಸಿ, ಬೆಚ್ಚಗಾದ ಮೇಲೆ, ಮೇನ್ ಸ್ಟ್ಯಾಂಡ್‌ನಲ್ಲಿ ಡ್ರೈನ್ ಬೋಲ್ಟ್ ಬಿಚ್ಚಿ ಕನಿಷ್ಠ 10 ನಿಮಿಷ ಸೋರಲು ಬಿಡಿ. ಬೋಲ್ಟ್‌ನ ವಾಷರ್ ಹೊಸದು ಹಾಕಿ, ಜಾಲರಿ ಇದ್ರೆ ತೊಳೀರಿ, ಪೇಪರ್ ಫಿಲ್ಟರ್ ಇದ್ರೆ ಬದಲಾಯಿಸಿ. ಎಷ್ಟು ಸೋರಿಸಿದ್ರೂ ಒಳಗಿನ ದಾರಿಗಳಲ್ಲಿ, ಕ್ಲಚ್ ಪ್ಲೇಟ್‌ಗಳ ನಡುವೆ ಹಳೇದು ಸ್ವಲ್ಪ ಉಳಿದೇ ಉಳಿಯುತ್ತೆ. ಅದಕ್ಕೆ 200 ಕಿ.ಮೀ. ಮೆತ್ತಗೆ ಓಡಿಸಿ ಇನ್ನೊಮ್ಮೆ ಅದೇ ಗ್ರೇಡ್ ಹಾಕಿಸಿ. ಎರಡು ಸಲಕ್ಕೂ ಮಿನರಲ್ ಸಾಕು, ಸಿಂಥೆಟಿಕ್‌ಗೆ ದುಡ್ಡು ಸುರೀಬೇಡಿ.

ಫೀಲರ್ ಗೇಜ್:
ಮೇಲಿನವರು ಹೇಳಿದ್ದೆಲ್ಲ ಸರಿ, ಒಂದು ಕಡೆ ಮಾತ್ರ ಭಿನ್ನಾಭಿಪ್ರಾಯ. ವಾರಂಟಿ ಇರೋ ಬೈಕ್, ಆಯಿಲ್ ಮನೆಯಲ್ಲಿ ಬದಲಾಯಿಸಬೇಡಿ, ಗ್ಯಾರೇಜ್‌ಗೂ ಹೋಗಬೇಡಿ. ಮೂರನೇ ಫ್ರೀ ಸರ್ವಿಸ್‌ನ ಅವಧಿ ಹತ್ತಿರ ಇದ್ರೆ ಅದನ್ನೇ ಮಾಡಿಸಿ, ಇಲ್ಲದಿದ್ರೆ ಪೇಯ್ಡ್ ಜಾಬ್ ಆದ್ರೂ ಸರಿ, ಶೋರೂಂನಲ್ಲೇ ಮಾಡಿಸಿ. ಫ್ರೀ ಸರ್ವಿಸ್‌ನಲ್ಲಿ ಲೇಬರ್ ಮಾತ್ರ ಫ್ರೀ, ಆಯಿಲ್‌ಗೆ ಬಿಲ್ ಬರುತ್ತೆ. ಆ ಬಿಲ್ಲೇ ನಿಮ್ಮ ಸಾಕ್ಷಿ.

ಜಾಬ್ ಕಾರ್ಡ್‌ನಲ್ಲಿ (ಶೋರೂಂನವರು ಕೆಲಸ ಬರೆದುಕೊಳ್ಳೋ ಚೀಟಿ) ಹೀಗೆ ಬರೆಸಿ: ‘4ನೇ ಗೇರ್‌ನಲ್ಲಿ ಕ್ಲಚ್ ಸ್ಲಿಪ್, ಹಿಂದೆ ಹಾಕಿದ್ದು ಎಂಬಿ ಆಯಿಲ್, ಎಂಎ ಗ್ರೇಡ್‌ಗೆ ಬದಲಾಯಿಸುವುದು.’ ಮುಚ್ಚಿಡಬೇಡಿ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ಫಿಲ್ಟರ್ ಇವು ಸವೆಯೋ ಭಾಗಗಳು ಅಂತ ಸಾಮಾನ್ಯವಾಗಿ ವಾರಂಟಿಯಿಂದ ಹೊರಗೇ ಇರುತ್ತವೆ. ಅಂದ್ರೆ ಸುಳ್ಳು ಹೇಳಿ ಗಳಿಸೋದು ಏನೂ ಇಲ್ಲ.

ಇಡೀ ವಾರಂಟಿ ಹೋಯ್ತು ಅಂತ ಹೆದರಬೇಡಿ. ತಪ್ಪು ಆಯಿಲ್‌ಗೂ ಸ್ಪೀಡೋಮೀಟರ್‌ಗೂ ಫೋರ್ಕ್ ಸೀಲ್‌ಗೂ ಸಂಬಂಧ ಇಲ್ಲ. ಆದ್ರೆ ‘ಶಿಫಾರಸು ಮಾಡಿದ ಗ್ರೇಡ್ ಆಯಿಲ್, ಅಧಿಕೃತ ಸರ್ವಿಸ್’ ಅನ್ನೋ ಷರತ್ತು ನಿಮ್ಮ ವಾರಂಟಿ ಪುಸ್ತಕದಲ್ಲಿ ಯಾವ ಮಾತುಗಳಲ್ಲಿದೆ ಅಂತ ಓದಿ. ಗ್ರೇಡ್ ಹೊಂದಿದ್ರೆ ಸಾಕು ಅನ್ನೋದು ಬೇರೆ, ಕಂಪನಿ ಹೆಸರಿನ ಆಯಿಲೇ ಆಗಬೇಕು ಅನ್ನೋದು ಬೇರೆ. ಮುಂದೆ ಯಾವುದಾದ್ರೂ ಕ್ಲೇಮ್ ತಿರಸ್ಕರಿಸಿದ್ರೆ ಕಾರಣವನ್ನ ಬರವಣಿಗೆಯಲ್ಲಿ ಕೇಳಿ. ಬಾಯಿಮಾತಿಗೆ ಬೆಲೆ ಇಲ್ಲ. ಬರೆದು ಕೊಡದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ.

ಘಾಟಿ ಸವಾರ:
ತುಂಬಾ ಥ್ಯಾಂಕ್ಸ್ ಸರ್. ಎರಡು ಅನುಮಾನ. ಮ್ಯಾನ್ಯುಯಲ್‌ನಲ್ಲಿ ಆಯಿಲ್ ಬದಲಿಸುವಾಗ 1 ಲೀಟರ್, ಒಟ್ಟು 1.2 ಲೀಟರ್ ಅಂತ ಎರಡು ಲೆಕ್ಕ ಇದೆ, ಯಾವುದು? ಮತ್ತೆ ಮನೇಲಿ ಉಳಿದಿರೋ ಕಾರಿನ 5ಡಬ್ಲ್ಯು-30 ಫುಲ್ ಸಿಂಥೆಟಿಕ್‌ನ ಎರಡನೇ ಸಲಕ್ಕೆ ಬಳಸಬಹುದಾ?

ಸ್ಪ್ಯಾನರ್ 17:
ಕಾರಿನ ಆಯಿಲ್ ಬೇಡವೇ ಬೇಡ. ಕಾರಿನ ಕ್ಲಚ್ ಒಣ ಕ್ಲಚ್, ಹಾಗಾಗಿ 5ಡಬ್ಲ್ಯು-30 ಥರದ ತೆಳು ಕಾರ್ ಆಯಿಲ್‌ಗಳಿಗೆ ಘರ್ಷಣೆ ಇಳಿಸೋ ರಾಸಾಯನಿಕ ಸೇರಿಸಿರೋದು ಸಾಮಾನ್ಯ. ಹಿಂಬದಿ ದುಂಡು ಎಪಿಐ ಮುದ್ರೆಯ ಕೆಳಗೆ ‘ರಿಸೋರ್ಸ್ ಕನ್ಸರ್ವಿಂಗ್’ ಅಂತ ಇದ್ರೆ ಗೇರ್ ಬೈಕ್ ಹತ್ತಿರಕ್ಕೂ ತರಬೇಡಿ. ಮತ್ತೆ ಅದೇ ಜಾರೋ ಕಥೆ.

1.2 ಲೀಟರ್ ಅನ್ನೋದು ಇಂಜಿನ್ ಪೂರ್ತಿ ಬಿಚ್ಚಿ ಕಟ್ಟಿದಾಗ. ನಿಮಗೆ 1 ಲೀಟರ್. ಮೊದಲು 900 ಮಿ.ಲೀ. ಹಾಕಿ, 2–3 ನಿಮಿಷ ಐಡ್ಲಿಂಗ್‌ನಲ್ಲಿ ಓಡಿಸಿ, ಆಫ್ ಮಾಡಿ 3 ನಿಮಿಷ ಬಿಟ್ಟು, ಸಮತಟ್ಟು ನೆಲದಲ್ಲಿ ಬೈಕ್ ನೇರ ನಿಲ್ಲಿಸಿ ಮಟ್ಟ ನೋಡಿ. ಸೈಡ್ ಸ್ಟ್ಯಾಂಡ್‌ನಲ್ಲಿ ನೋಡಿದ್ರೆ ಮಟ್ಟ ಸುಳ್ಳು ಹೇಳುತ್ತೆ. ಡಿಪ್‌ಸ್ಟಿಕ್ ಆದ್ರೆ ತಿರುಪದೆ ಸುಮ್ಮನೆ ಇಳಿಸಿ ನೋಡಬೇಕಾ, ತಿರುಪಿ ನೋಡಬೇಕಾ ಅನ್ನೋದು ಬೈಕ್‌ನಿಂದ ಬೈಕ್‌ಗೆ ಬೇರೆ, ಮ್ಯಾನ್ಯುಯಲ್‌ನಲ್ಲಿ ಚಿತ್ರ ಇರುತ್ತೆ. ಮೇಲಿನ ಗೆರೆ ದಾಟಿದ್ರೆ ಆಯಿಲ್ ಬ್ರೀದರ್ ಪೈಪ್‌ನಿಂದ (ಇಂಜಿನ್ ಒಳಗಿನ ಗಾಳಿ ಹೊರಬಿಡೋ ಪೈಪ್) ಏರ್ ಫಿಲ್ಟರ್ ಡಬ್ಬಕ್ಕೆ ಬರುತ್ತೆ. ಶೋರೂಂನಲ್ಲೂ ಈ ಮಟ್ಟ ನಿಮ್ಮ ಎದುರಿಗೇ ನೋಡಿಸಿ.

ಘಾಟಿ ಸವಾರ:
ಶೋರೂಂನಲ್ಲಿ ಎಂಎ2 ಹಾಕಿಸಿ 120 ಕಿ.ಮೀ. ಆಯ್ತು. 4ನೇ ಗೇರ್‌ನಲ್ಲಿ ಜಾರೋದು ನಿಂತಿದೆ. 5ನೇದರಲ್ಲಿ ಪೂರ್ತಿ ಥ್ರಾಟಲ್ ಕೊಟ್ಟಾಗ ಕೊಂಚ ಇದೆ. ಪ್ಲೇಟ್ ಬದಲಾಯಿಸಬೇಕು ಅಂತಿದಾರೆ.

ಫೀಲರ್ ಗೇಜ್:
ಇಷ್ಟು ಸುಧಾರಿಸಿದೆ ಅಂದ್ರೆ ಪ್ಲೇಟ್ ಪೂರ್ತಿ ಹಾಳಾಗಿರಲಿಕ್ಕಿಲ್ಲ. ಎರಡನೇ ಬದಲಾವಣೆ ಮುಗಿಸಿ 300 ಕಿ.ಮೀ. ನೋಡಿ. ಆಗಲೂ ಜಾರಿದ್ರೆ ಬಲಗಡೆ ಕವರ್ ಬಿಚ್ಚಿಸಿ, ಫ್ರಿಕ್ಷನ್ ಪ್ಲೇಟ್‌ಗಳ ದಪ್ಪವನ್ನ ವರ್ನಿಯರ್‌ನಲ್ಲಿ ಅಳೆದು ಸರ್ವಿಸ್ ಲಿಮಿಟ್ (ಕಂಪನಿ ಹೇಳಿದ ಕನಿಷ್ಠ ದಪ್ಪ) ಜೊತೆ ಹೋಲಿಸಿ ಜಾಬ್ ಕಾರ್ಡ್‌ನಲ್ಲಿ ಬರೆಯಲು ಹೇಳಿ. ಸ್ಟೀಲ್ ಪ್ಲೇಟ್ ನೀಲಿಗಟ್ಟಿದ್ರೆ ಅದನ್ನೂ ಬದಲಾಯಿಸಬೇಕು. ಹೊಸ ಫ್ರಿಕ್ಷನ್ ಪ್ಲೇಟ್‌ಗಳನ್ನ ಕೂರಿಸೋ ಮುಂಚೆ ಅದೇ ಎಂಎ2 ಆಯಿಲ್‌ನಲ್ಲಿ ನೆನೆಸಿಡಬೇಕು, ಒಣದಾಗಿ ಹಾಕಿದ್ರೆ ಸುಡಬಹುದು. ಕವರ್‌ನ ಗ್ಯಾಸ್ಕೆಟ್ ಹೊಸದೇ ಆಗಲಿ.