ಪದಚರ್ಚೆ: 'ನಂಬರ್ ಪ್ಲೇಟೆಡ್' ಆದ ಸ್ಕ್ವಾಡ್ರನ್‌ಗೆ ಕನ್ನಡದಲ್ಲಿ ಏನನ್ನೋಣ? (ಶುಕ್ರವಾರದೊಳಗೆ ಬೇಕು)

ಎಲ್ಲರಿಗೂ ನಮಸ್ಕಾರ.

ಮಾದರಿ ವಿಮಾನಗಳ ಒಂದು ಪ್ರದರ್ಶನಕ್ಕೆ ಕನ್ನಡ ಫಲಕ ಬರೆದುಕೊಡುತ್ತಿದ್ದೇನೆ. ನಮ್ಮ ವಾಯುಪಡೆಯ ಹತ್ತು ಸ್ಕ್ವಾಡ್ರನ್‌ಗಳ (ವಿಮಾನ ಹಾರಿಸುವ ತುಕಡಿಗಳ) ಕತೆ, ಒಂದೊಂದಕ್ಕೆ ಆರೇ ಸಾಲು. ಒಂಬತ್ತು ಹೇಗೋ ಮುಗಿದವು. 17ನೇ ಸ್ಕ್ವಾಡ್ರನ್ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ, ಅದರ ಹೆಸರು 'ಗೋಲ್ಡನ್ ಆ್ಯರೋಸ್'.

ಇದು ಹುಟ್ಟಿದ್ದು 1951ರಲ್ಲಿ, ಅಂಬಾಲಾದಲ್ಲಿ. 1999ರ ಕಾರ್ಗಿಲ್ ಹೊತ್ತಿಗೆ ಮಿಗ್-21 ಹಾರಿಸುತ್ತಿತ್ತು. ಮೇ 27ರಂದು ಪ್ರಾಣ ಕೊಟ್ಟ ಅಜಯ್ ಆಹುಜಾ ಇದೇ ಸ್ಕ್ವಾಡ್ರನ್‌ನವರು. 2016ರಲ್ಲಿ ಹಳೆ ಮಿಗ್‌ಗಳ ಜೊತೆ ಸ್ಕ್ವಾಡ್ರನ್ 'ನಂಬರ್ ಪ್ಲೇಟೆಡ್' ಆಯಿತು. 2019ರ ಸೆಪ್ಟೆಂಬರ್ 10ರಂದು ಅದೇ ಸಂಖ್ಯೆ, ಅದೇ ಹೆಸರಲ್ಲಿ ಮತ್ತೆ ಎದ್ದಿತು. ಮರುವರ್ಷ ರಫೇಲ್ ಬಂತು. ಕಾರ್ಗಿಲ್ ಹೊತ್ತಲ್ಲಿ ಇದರ ಮುಖ್ಯಸ್ಥರಾಗಿದ್ದ ಧನೋವಾ ಅವರೇ 2019ರಲ್ಲಿ ವಾಯುಪಡೆಯ ಮುಖ್ಯಸ್ಥರಾಗಿ ನಿಂತು ಮತ್ತೆ ಚಾಲನೆ ಕೊಟ್ಟರು. ಇಷ್ಟು ಚೆಂದದ ಕತೆ, ನಡುವಿನ ಒಂದು ಕ್ರಿಯಾಪದಕ್ಕೆ ಅಡ್ಡಬಿದ್ದಿದೆ.

ಅರ್ಥ ಇಷ್ಟು: ವಿಮಾನ ಹೋಗುತ್ತೆ, ಜನ ಬೇರೆ ಕಡೆ ವರ್ಗವಾಗ್ತಾರೆ, ಸಂಖ್ಯೆ ಮತ್ತು ಲಾಂಛನ ಮಾತ್ರ ಹಾಗೇ ಇರುತ್ತೆ, ಇನ್ನೊಂದು ದಿನಕ್ಕೆ. 'ರದ್ದು' ಅಂದರೆ ಕತೆ ಮುಗಿಯಿತು. 'ವಿಸರ್ಜನೆ' ಅಂದರೆ ನೀರಿಗೆ ಬಿಟ್ಟ ಹಾಗೆ. ನನಗಿಂತ ಮುಂಚೆ ಯಾರೋ ಮಾಡಿದ್ದ ಕರಡಲ್ಲಿ 'ಸ್ಕ್ವಾಡ್ರನ್‌ಗೆ ನಂಬರ್ ಪ್ಲೇಟ್ ಅಳವಡಿಸಲಾಯಿತು' ಅಂತಿದೆ! ಓದಿದವರು ಆರ್‌ಟಿಓ ಆಫೀಸ್ ಎಲ್ಲಿತ್ತು ಅಂತ ಕೇಳ್ತಾರೆ.

'ಕಾಯ್ದಿರಿಸು' ಅನ್ನಬೇಡಿ. ಅದು 1ನೇ ಸ್ಕ್ವಾಡ್ರನ್ ಫಲಕದಲ್ಲಿ ಆಗಲೇ ಖರ್ಚಾಗಿದೆ. 1965ರ ಸೆಪ್ಟೆಂಬರ್ 7ರ ಸರ್ಗೋಧಾ ದಾಳಿಯಲ್ಲಿ ನಮ್ಮ ಕೊಡಗಿನ ಅಜ್ಜಮಾಡ ದೇವಯ್ಯನವರ ಮಿಸ್ಟೇರ್ 'ಕಾಯ್ದಿರಿಸಿದ ವಿಮಾನ' ಅಂತ ಬರೆದಿದ್ದೇನೆ. ಎರಡೂ ಫಲಕ ಅಕ್ಕಪಕ್ಕ ನಿಲ್ಲುತ್ತವೆ.

— ಫಲಕದವನು

*

ಮೊದಲು 'ಸ್ಕ್ವಾಡ್ರನ್' ತೆಗೆಯಿರಿ, ಆಮೇಲೆ ಕ್ರಿಯಾಪದ ನೋಡೋಣ. 'ಪಡೆ' ಇದೆಯಲ್ಲ. ತಮಿಳಿನವರಿಗೂ ಉಂಟು, ನಮಗೂ ಉಂಟು, ಯಾರಿಂದಲೂ ಸಾಲ ತಂದಿದ್ದಲ್ಲ.

ನಿಮ್ಮ 'ವಾಯುಪಡೆ'ಯೂ ಅರಿಸಮಾಸ, ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ್ದು. ಅದು 'ಬಾನ್ಪಡೆ' ಆಗಬೇಕು. ಸಂಖ್ಯೆ ಉಳಿಸುವುದಕ್ಕೆ 'ಎಣ್' ಮತ್ತು 'ಕಾಪು' ಸೇರಿಸಿ 'ಎಣ್ಗಾಪು'. 2016ರಲ್ಲಿ ಪಡೆ ಎಣ್ಗಾಪಿಗೆ ಹೋಯಿತು. ಮುಗಿಯಿತು.

— ಅಚ್ಚಗನ್ನಡಿಗ

*

ಎಣ್ಗಾಪು ಅಂದರೆ ಎಣ್ಣೆಗಾಣದ ಹಾಗೆ ಕೇಳುತ್ತೆ. ಬೇಡ.

ಆಮೇಲೆ ಅರಿಸಮಾಸ ಅಂತ ಬೆದರಿಸುವ ಮುಂಚೆ ಹಳಗನ್ನಡ ವ್ಯಾಕರಣ ಬರೆದ ಕೇಶಿರಾಜನನ್ನು ಪೂರ್ತಿ ಓದಿ. ಬಿರುದಾವಳಿಗೆ ಅವನೇ ವಿನಾಯಿತಿ ಕೊಟ್ಟಿದ್ದಾನೆ. 'ಗೋಲ್ಡನ್ ಆ್ಯರೋಸ್', 'ಟೈಗರ್ಸ್', 'ಬ್ಯಾಟಲ್ ಆ್ಯಕ್ಸಸ್' ಇವೆಲ್ಲ ಬಿರುದಲ್ಲದೆ ಇನ್ನೇನು?

'ಸ್ಕ್ವಾಡ್ರನ್' ಪರಕೀಯವೂ ಅಲ್ಲ. ಇಟಾಲಿಯನ್ 'ಸ್ಕ್ವಾಡ್ರಾ', ಚೌಕಾಕಾರವಾಗಿ ನಿಂತ ಸೈನ್ಯ. ಅದರ ಹಿಂದೆ ಲ್ಯಾಟಿನ್ನಿನ ನಾಲ್ಕು, 'ಕ್ವಾಟ್ಟುವೋರ್'. ಅದಕ್ಕೂ ಸಂಸ್ಕೃತದ 'ಚತುರ್'ಗೂ ಒಂದೇ ಬೇರು. 'ಚತುಷ್ಕ'ದಿಂದ ನಮ್ಮ 'ಚೌಕ'. ಆದ್ದರಿಂದ ಸ್ಕ್ವಾಡ್ರನ್ ಅಂದರೆ 'ಚೌಕದಳ'. ಹತ್ತು ವರ್ಷದಿಂದ ಹೇಳ್ತಿದ್ದೇನೆ, ಯಾರೂ ಕೇಳ್ತಿಲ್ಲ.

— ಬೇರು ಹುಡುಕುವವ

*

ಹತ್ತು ವರ್ಷ ಯಾರೂ ಕೇಳಿಲ್ಲ ಅಂದರೆ ಕಾರಣ ಇರುತ್ತೆ ಅಲ್ವಾ? ಚೌಕದಳ ಅಂದರೆ ಚೌಕಾಸಿ ಮಾಡುವವರ ಸಂಘ ಅಂದುಕೊಂಡಾರು.

— ಅಚ್ಚಗನ್ನಡಿಗ

*

ನಾನು ವಾಯುಪಡೆಯಲ್ಲಿ ಏರ್‌ಮನ್ ಆಗಿದ್ದವನು, ಭಾಷೆಯ ಪಂಡಿತ ಅಲ್ಲ. ಒಂದು ತೊಂದರೆ ಮಾತ್ರ ಹೇಳ್ತೀನಿ.

ಸ್ಕ್ವಾಡ್ರನ್‌ಗೆ 'ದಳ' ಅಂತೀರಿ ಅಂತಿಟ್ಟುಕೊಳ್ಳಿ. ಸ್ಕ್ವಾಡ್ರನ್ ಲೀಡರ್ ಅನ್ನುವ ಹುದ್ದೆಯವರು 'ದಳನಾಯಕ' ಆಗ್ತಾರೆ. ಆದರೆ ಫೈಟರ್ ಸ್ಕ್ವಾಡ್ರನ್ ನಡೆಸೋದು ಸಾಮಾನ್ಯವಾಗಿ ವಿಂಗ್ ಕಮಾಂಡರ್ ಇಲ್ಲವೇ ಗ್ರೂಪ್ ಕ್ಯಾಪ್ಟನ್. ಸ್ಕ್ವಾಡ್ರನ್ ಲೀಡರ್ ಅವರ ಕೈಕೆಳಗೆ. ಅಂದರೆ ದಳನಾಯಕನಿಗೆ ದಳ ಇಲ್ಲ, ದಳ ಇರುವವನು ದಳನಾಯಕ ಅಲ್ಲ! ಹಳೆಯವರು ಕೆಲವರು ಇಡೀ ವಾಯುಪಡೆಗೇ 'ವಾಯುದಳ' ಅಂತಾರೆ, ಅದು ಬೇರೆ ಗೋಜಲು. 'ಪಡೆ' ಅಂದರೂ ಅಷ್ಟೇ, ವಾಯುಪಡೆಯ ಪಡೆ ಅನ್ನಬೇಕಾಗುತ್ತೆ.

ನಾವು ಕೆಲಸಕ್ಕೆ ಹೊರಡುವಾಗ 'ಸ್ಕ್ವಾಡ್ರನ್‌ಗೆ ಹೋಗ್ತಿದ್ದೀನಿ' ಅಂತಿದ್ವಿ. ಮನೇಲಿ ಅಮ್ಮನೂ ಹಾಗೇ ಅನ್ನೋರು. ಅವರಿಗೆ ಇಂಗ್ಲಿಷ್ ಒಂದಕ್ಷರ ಬರ್ತಿರಲಿಲ್ಲ.

— ನಿವೃತ್ತ ಏರ್‌ಮನ್

*

ಅಮ್ಮ ಅಂದಿದ್ದೆಲ್ಲ ಕನ್ನಡ ಆಗಲ್ಲ ಸ್ವಾಮಿ.

— ಅಚ್ಚಗನ್ನಡಿಗ

*

ಮತ್ತೆ ಯಾರು ಅಂದರೆ ಆಗುತ್ತೆ?

ಸೈನ್ಯದ ಮಾತಲ್ಲಿ ಸಾಲ ಇಲ್ಲದ್ದು ಯಾವುದಿದೆ ಹೇಳಿ. ಸಿಪಾಯಿ, ಸುಬೇದಾರ, ಫೌಜು, ಎಲ್ಲ ಪಾರ್ಸಿ ಅರಬ್ಬಿ ಕಡೆಯಿಂದ ಬಂದವು. 1933ರ ಏಪ್ರಿಲ್ 1ರಂದು ಕರಾಚಿಯ ಡ್ರಿಗ್ ರೋಡಿನಲ್ಲಿ ನಾಲ್ಕು ವಾಪಿಟಿ ವಿಮಾನ ಇಟ್ಟುಕೊಂಡು 1ನೇ ಸ್ಕ್ವಾಡ್ರನ್ ಶುರು ಮಾಡಿದಾಗ ಅಲ್ಲಿದ್ದವರನ್ನು ಏನಂತ ಕರೆದರು ಗೊತ್ತಾ? 'ಹವಾಯಿ ಸಿಪಾಯಿ'. ಹತ್ತೊಂಬತ್ತು ಜನ. ಬ್ರಿಟಿಷರ ಸೇನೆ, ಹೊರಗಿಂದ ಬಂದ ಎರಡು ಪದ, ಆದರೂ ಊರವರಿಗೆ ಅರ್ಥವಾಗುವ ಮಾತು. ನನಗಂತೂ 'ಏರ್‌ಮನ್'ಗಿಂತ ಅದೇ ಇಷ್ಟ.

ಇನ್ನು ಕೇಳಿದ್ದಕ್ಕೆ ಬರೋಣ. ನನ್ನ ಸಲಹೆ 'ಬೀಳು ಬಿಡು'. ಹೊಲವನ್ನು ಬೀಳು ಬಿಟ್ಟರೆ ಬಿತ್ತನೆ ಇರಲ್ಲ, ಎತ್ತಿರಲ್ಲ, ಆಳಿರಲ್ಲ. ಸರ್ವೆ ನಂಬರ್ ಮಾತ್ರ ಪಹಣಿಯಲ್ಲಿ ಹಾಗೇ ಇರುತ್ತೆ. ಬೇಕಾದಾಗ ಮತ್ತೆ ಉಳಬಹುದು. ನೀವು ಹೇಳಿದ್ದು ಅಕ್ಷರಶಃ ಇದೇ. '2016ರಲ್ಲಿ ಸ್ಕ್ವಾಡ್ರನ್ ಬೀಳು ಬಿದ್ದಿತು.'

— ಹೊಲದ ಮಗಳು

*

ಅಕ್ಕಾ, ಉಪಮೆಗೆ ಕೈಮುಗಿದೆ. ಆದರೆ ಯುದ್ಧವಿಮಾನದ ಫಲಕದಲ್ಲಿ 'ಬಿದ್ದಿತು' ಅಂತ ಬರೆದರೆ ಏನಾಗುತ್ತೆ ಯೋಚಿಸಿ. ಅದೂ ಮಿಗ್-21ರ ಪಕ್ಕದಲ್ಲಿ!

— ಫಲಕದವನು

*

ಅಯ್ಯೋ! ವಾಪಸ್ ತಗೊಂಡೆ.

— ಹೊಲದ ಮಗಳು

*

ಏರ್‌ಮನ್ ಆಗಿ ಇನ್ನೊಂದು ಮಾತು. ಇದನ್ನು ಸಾವಿನ ಹಾಗೆ ಬರೆಯಬೇಡಿ. 18ನೇ ಸ್ಕ್ವಾಡ್ರನ್ ನೋಡಿ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ನ್ಯಾಟ್ ವಿಮಾನ ಹಾರಿಸಿ ಪರಮವೀರ ಚಕ್ರ ಪಡೆದ ಸೆಖೋನ್ ಅಲ್ಲಿಯವರು. ಆ ಸಂಖ್ಯೆಯೂ ಮಲಗಿ ಎದ್ದಿದ್ದೇ. 2020ರಲ್ಲಿ ಸೂಲೂರಿನಲ್ಲಿ ತೇಜಸ್ ಜೊತೆ ಎದ್ದಿತು. ಅದಕ್ಕೂ ಮೊದಲು 45ನೆಯದು 2016ರಲ್ಲಿ ನಮ್ಮ ಬೆಂಗಳೂರಲ್ಲೇ ತೇಜಸ್ ಜೊತೆ ಎದ್ದಿತ್ತು. ಹೊಸದಾಗಿ ಬಂದ ಹುಡುಗನಿಗೂ ಹಳೆಯ ಪದಕಗಳೆಲ್ಲ 'ನಮ್ಮವು'. ಆ ಹಕ್ಕು ಸಂಖ್ಯೆಯ ಜೊತೆ ಬರುತ್ತೆ. ಅದಕ್ಕೇ ಸಂಖ್ಯೆಯನ್ನು ಬಿಟ್ಟುಕೊಡಲ್ಲ.

— ನಿವೃತ್ತ ಏರ್‌ಮನ್

*

ಹಾಗಾದರೆ ಒಂದೇ ಪದಕ್ಕೆ ಯಾಕೆ ಒದ್ದಾಡಬೇಕು? ಎರಡು ಸಣ್ಣ ವಾಕ್ಯ ಬರೀತೀನಿ:

'2016ರಲ್ಲಿ ಸ್ಕ್ವಾಡ್ರನ್ ಹಾರಾಟ ನಿಲ್ಲಿಸಿತು. ಅದರ ಸಂಖ್ಯೆ ಮತ್ತು ಲಾಂಛನವನ್ನು ಕಾಪಿಡಲಾಯಿತು. 2019ರ ಸೆಪ್ಟೆಂಬರ್ 10ರಂದು ಅದೇ ಸಂಖ್ಯೆಯಲ್ಲಿ ಮತ್ತೆ ಕಟ್ಟಲಾಯಿತು.'

'ಕಾಪಿಡು' ಅಚ್ಚಗನ್ನಡಿಗರ ಎಣ್ಗಾಪಿನಿಂದ ತೆಗೆದಿದ್ದು. 'ಕಟ್ಟು' ನಮ್ಮದೇ, 'ಪಡೆ ಕಟ್ಟಿದರು' ಅಂತ ಯಾವಾಗಲೂ ಅಂತೀವಲ್ಲ. 'ಸ್ಥಾಪಿಸು' ಅಂದರೆ ವಿಗ್ರಹದ ನೆನಪಾಗುತ್ತೆ. ಸ್ಕ್ವಾಡ್ರನ್ ಹಾಗೇ ಇರಲಿ, ಏರ್‌ಮನ್ ಅವರ ಅಮ್ಮನ ಲೆಕ್ಕಕ್ಕೆ. ಇವತ್ತೇ ಅಚ್ಚಿಗೆ ಕಳಿಸ್ತಿದ್ದೇನೆ.

— ಫಲಕದವನು

*

ಕಾಪು ತಗೊಂಡು ಎಣ್ ಬಿಟ್ಟಿರಿ. 'ಸಂಖ್ಯೆ', 'ಲಾಂಛನ' ಎರಡೂ ಸಂಸ್ಕೃತ. ನನ್ನ ಹೆಸರು ಎಲ್ಲೂ ಹಾಕಬೇಡಿ.

— ಅಚ್ಚಗನ್ನಡಿಗ

*

ಚೌಕದಳದ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ ಅನ್ನುವುದನ್ನು ದಾಖಲಿಸುತ್ತೇನೆ.

— ಬೇರು ಹುಡುಕುವವ

*

ಅಚ್ಚಿನ ಕರಡು ಬಂತು. ವಾಕ್ಯ ಸರಿ ಇದೆ. ಆದರೆ ಅವರ ಫಾಂಟಿನಲ್ಲಿ 'ಸ್ಕ್ವಾ' ಒಡೆದುಹೋಗಿದೆ. ಸಕಾರದ ಕೆಳಗೆ ಕ ಒತ್ತು ಇದೆ, ವ ಒತ್ತು ಮುಂದಿನ ಅಕ್ಷರದ ಕಾಲಿಗೆ ಸಿಕ್ಕಿಕೊಂಡಿದೆ. ಹತ್ತು ಫಲಕದಲ್ಲೂ, ಒಟ್ಟು ಮೂವತ್ತೊಂದು ಕಡೆ. ಯಾರಿಗಾದರೂ ಎರಡು ಒತ್ತು ಸರಿಯಾಗಿ ಕೂರುವ ಫಾಂಟ್ ಗೊತ್ತಿದ್ದರೆ ತಕ್ಷಣ ಹೇಳಿ.

— ಫಲಕದವನು

*

'ಪಡೆ'ಗೆ ಒತ್ತೇ ಇಲ್ಲ.

— ಅಚ್ಚಗನ್ನಡಿಗ