ಕೆಫೀನ್ ಕ್ಯಾಶ್: ಟೆಸ್ಟ್‌ನಲ್ಲಿ ಸರಿ, ಡೈರಿಯಲ್ಲಿ ಇಲ್ಲ

ಪ್ರಶ್ನೆ:
ನಮ್ಮೂರ ಹಾಲಿನ ಡೈರಿಗೆ ಸ್ಪ್ರಿಂಗ್ ಬೂಟ್‌ನಲ್ಲಿ (ಜಾವಾ ಫ್ರೇಮ್‌ವರ್ಕ್) ಒಂದು ಸಣ್ಣ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ. ಬೆಳಿಗ್ಗೆ ಆರಕ್ಕೆಲ್ಲ ಜನ ಕ್ಯಾನ್ ಹಿಡಿದು ಸಾಲು ನಿಂತಿರುತ್ತಾರೆ. ಒಬ್ಬೊಬ್ಬರ ಹಾಲಿನ ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬಲ್ಲದ ಘನಾಂಶ) ನೋಡಿ, ದರಪಟ್ಟಿಯಿಂದ ದರ ತೆಗೆದು ಚೀಟಿ ಕೊಡಬೇಕು. ಪ್ರತಿ ಸಲ ಡೇಟಾಬೇಸ್‌ಗೆ ಹೋಗುವುದು ಬೇಡ ಅಂತ ಕೆಫೀನ್ ಸೇರಿಸಿದೆ; ಒಮ್ಮೆ ತಂದದ್ದನ್ನು ಮೆಮೊರಿಯಲ್ಲಿ (ಕ್ಯಾಶ್) ಇಟ್ಟುಕೊಳ್ಳುವ ಲೈಬ್ರರಿ ಅದು. ದರ ತರುವ ಮೆಥಡ್ ಮೇಲೆ ಫಲಿತಾಂಶವನ್ನು ಕ್ಯಾಶ್‌ನಲ್ಲಿಡು ಎನ್ನುವ @ಕ್ಯಾಶೇಬಲ್ ಇದೆ, ಕ್ಯಾಶಿಂಗ್ ಆನ್ ಮಾಡುವ @ಎನೇಬಲ್‌ಕ್ಯಾಶಿಂಗ್ ಕೂಡ ಇದೆ. ಟೆಸ್ಟ್‌ನಲ್ಲಿ ಆ ಮೆಥಡನ್ನು ಎರಡು ಸಲ ಕರೆದರೆ ಎರಡನೇ ಸಲ ಕ್ವೆರಿ ಹೋಗುವುದಿಲ್ಲ. ಡೈರಿಯಲ್ಲಿ ಮಾತ್ರ ಒಂದೊಂದು ಚೀಟಿಗೂ ಲಾಗ್‌ನಲ್ಲಿ ಒಂದು ಸೆಲೆಕ್ಟ್ (ಡೇಟಾಬೇಸ್ ಕ್ವೆರಿ) ಕಾಣುತ್ತದೆ. ಸಾಲಲ್ಲಿ ವಯಸ್ಸಾದವರೇ ಜಾಸ್ತಿ, ಅವರನ್ನು ಕಾಯಿಸೋಕೆ ಮನಸ್ಸಾಗುವುದಿಲ್ಲ. ಎಲ್ಲಿ ತಪ್ಪಿದ್ದೇನೆ?

ಉತ್ತರ 1:
ಚೀಟಿ ಮಾಡುವ ಮೆಥಡ್, ದರ ತರುವ ಮೆಥಡ್ ಎರಡೂ ಒಂದೇ ಕ್ಲಾಸ್‌ನಲ್ಲಿವೆ ಅಲ್ವಾ? ಹಾಗಿದ್ದರೆ ಕಾರಣ ಅದೇ. ಆಬ್ಜೆಕ್ಟ್‌ಗಳನ್ನು ಮಾಡಿ ಹಂಚುವ ಸ್ಪ್ರಿಂಗ್‌ನ ಕಂಟೇನರ್ ಬೇರೆ ಕ್ಲಾಸ್‌ಗಳಿಗೆ ಕೊಡುವುದು ನಿಮ್ಮ ಆಬ್ಜೆಕ್ಟನ್ನಲ್ಲ, ಅದರ ಮುಂದೆ ನಿಂತ ಪ್ರಾಕ್ಸಿ ಎಂಬ ಮಧ್ಯವರ್ತಿಯನ್ನು. ಕ್ಯಾಶ್ ನೋಡುವ ಕೆಲಸ ಆ ಪ್ರಾಕ್ಸಿಯದ್ದು. ಹೊರಗಿನಿಂದ ಬಂದವರು ತಲೆಬಾಗಿಲು ದಾಟಲೇಬೇಕು. ಪಡಸಾಲೆಯಲ್ಲಿ ಕೂತವರು ಅಡುಗೆಮನೆಗೆ ಹೋಗಲು ಅದನ್ನು ದಾಟುತ್ತಾರಾ? ಟೆಸ್ಟ್ ಹೊರಗಿನಿಂದ ಕರೆಯಿತು, ಕ್ಯಾಶ್ ಸಿಕ್ಕಿತು. ಡೈರಿಯಲ್ಲಿ ಚೀಟಿಯ ಮೆಥಡ್ ಒಳಗಿನಿಂದಲೇ ಕರೆಯುತ್ತದೆ, ಪ್ರಾಕ್ಸಿ ದಾಟುವುದಿಲ್ಲ. ದರದ ಮೆಥಡನ್ನು ಬೇರೆ ಕ್ಲಾಸ್‌ಗೆ ಹಾಕಿ ಬೀನ್ (ಕಂಟೇನರ್ ನೋಡಿಕೊಳ್ಳುವ ಆಬ್ಜೆಕ್ಟ್) ಮಾಡಿ, ಕನ್‌ಸ್ಟ್ರಕ್ಟರ್‌ನಲ್ಲಿ ಇಂಜೆಕ್ಟ್ ಮಾಡಿಕೊಳ್ಳಿ. ಆ ಬೀನನ್ನು ನೀವೇ ‘ನ್ಯೂ’ ಹಾಕಿ ಮಾಡಬೇಡಿ, ಆಗಲೂ ಪ್ರಾಕ್ಸಿ ಬರುವುದಿಲ್ಲ.

ಉತ್ತರ 2:
ಒಂದು ಮಾತು ಸೇರಿಸುತ್ತೇನೆ. ಕ್ಯಾಶ್‌ಗಳನ್ನು ನೋಡಿಕೊಳ್ಳುವ ಕ್ಯಾಶ್‌ಮ್ಯಾನೇಜರ್ ಬೀನನ್ನು ನೀವೇ ಬರೆದಿದ್ದರೆ ಸ್ಪ್ರಿಂಗ್ ಬೂಟ್ ತನ್ನದನ್ನು ಮಾಡುವುದಿಲ್ಲ. ಆಗ ಪ್ರಾಪರ್ಟೀಸ್ (ಸೆಟ್ಟಿಂಗ್ಸ್) ಫೈಲ್‌ನಲ್ಲಿ ಕೆಫೀನ್‌ಗೆ ಬರೆದ ಅವಧಿ, ಗಾತ್ರ ಎರಡೂ ಲೆಕ್ಕಕ್ಕೆ ಬರುವುದಿಲ್ಲ. ಹೊಸ ದರ ಬಂದ ದಿನ ಹಳೆಯದೇ ಉಳಿದರೆ ರೈತರ ದುಡ್ಡಿಗೆ ಪೆಟ್ಟು. ದರಪಟ್ಟಿ ಬದಲಿಸುವ ಮೆಥಡ್ ಮೇಲೆ @ಕ್ಯಾಶ್‌ಎವಿಕ್ಟ್ ಹಾಕಿ, ಆಲ್‌ಎಂಟ್ರೀಸ್ ಟ್ರೂ ಕೊಡಿ, ಕ್ಯಾಶ್‌ನಲ್ಲಿರುವ ಹಳೆಯ ದರವೆಲ್ಲ ಅಳಿಸಿಹೋಗುತ್ತದೆ. ಅದನ್ನೂ ಹೊರಗಿನಿಂದಲೇ ಕರೆಯಬೇಕು.

ಪ್ರಶ್ನೆ ಕೇಳಿದವರು:
ಒಂದೇ ಕ್ಲಾಸ್‌ನಲ್ಲೇ ಇತ್ತು! ಬೇರೆ ಮಾಡಿದೆ, ಎವಿಕ್ಟ್ ಕೂಡ ಹಾಕಿದೆ. ಕ್ವೆರಿ ತುಂಬಾ ಕಡಿಮೆಯಾಯಿತು. ಆದರೂ ಕೆಲವು ದರಕ್ಕೆ ಎರಡೆರಡು ಸಲ ಹೋಗುತ್ತಿತ್ತು. ಕ್ಯಾಶ್‌ನಲ್ಲಿ ದರ ಹುಡುಕುವ ಕೀಗಳನ್ನು ಪ್ರಿಂಟ್ ಮಾಡಿ ನೋಡಿದೆ. ಫ್ಯಾಟ್ ಮೆಷಿನ್ ಕಳಿಸುವುದು 4.10, ಕರೆಂಟ್ ಹೋದಾಗ ಕೈಯಲ್ಲಿ ಹಾಕುವುದು 4.1. ಜಾವಾದಲ್ಲಿ ದಶಮಾಂಶ ಸಂಖ್ಯೆಗಿರುವ ಬಿಗ್‌ಡೆಸಿಮಲ್‌ನ ಈಕ್ವಲ್ಸ್‌ಗೆ (ಸಮವೇ ಎಂದು ನೋಡುವ ಮೆಥಡ್) ಇವೆರಡೂ ಬೇರೆ. ಮೆಥಡ್ ಕರೆಯುವ ಮೊದಲೇ ಸೆಟ್‌ಸ್ಕೇಲ್‌ನಿಂದ ಎರಡು ದಶಮಾಂಶಕ್ಕೆ ತಂದೆ. ಇವತ್ತು ಬೆಳಿಗ್ಗೆ ಲಾಗ್‌ನಲ್ಲಿ ಒಂದು ದರಕ್ಕೆ ಒಂದೇ ಸೆಲೆಕ್ಟ್. ಇಬ್ಬರಿಗೂ ತುಂಬಾ ಥ್ಯಾಂಕ್ಸ್.